ಚಿನ್ನದ ಬಣ್ಣದ ಕೆಳಗಿನ ಉಕ್ಕು: ಪ್ಲಾಸ್ಮಾ ಕೋಟಿಂಗ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಟೂಲ್ಸ್ ಅಂಗಡಿಗೆ ಹೋಗಿ ಡ್ರಿಲ್ ಬಿಟ್ ಕೇಳಿ. ಎರಡು ಥರದ್ದು ಮುಂದಿಡುತ್ತಾರೆ. ಒಂದು ಮಾಮೂಲಿ ಬಿಳಿ ಹೊಳಪಿನ, ಹೈಸ್ಪೀಡ್ ಸ್ಟೀಲ್ ಅನ್ನುವ ಎಚ್‌ಎಸ್‌ಎಸ್ ಡ್ರಿಲ್. ಇನ್ನೊಂದು ಚಿನ್ನದ ಬಣ್ಣದ್ದು. "ಇದಕ್ಕೆ ಕೋಟಿಂಗ್ ಇದೆ ಸಾರ್, ಜಾಸ್ತಿ ಬಾಳಿಕೆ ಬರುತ್ತೆ" ಅನ್ನುತ್ತಾರೆ. ಆ ಬಣ್ಣ ಟೈಟೇನಿಯಂ ನೈಟ್ರೈಡ್‌ನದ್ದೇ ಆಗಿದ್ದರೆ ಮಾತು ನಿಜ. ಮೇಲಿನ ಎರಡು ಮೂರು ಮೈಕ್ರಾನ್ ಪದರ ಒಳಗಿನ ಉಕ್ಕಿಗಿಂತ ಎರಡೂವರೆ ಪಟ್ಟಿನಷ್ಟು ಗಟ್ಟಿ. ಆದರೆ ಚಿನ್ನದ ಬಣ್ಣ ಕಂಡದ್ದೆಲ್ಲ ಟೈಟೇನಿಯಂ ನೈಟ್ರೈಡ್ ಅಲ್ಲ. ಕೋಬಾಲ್ಟ್ ಬೆರೆತ ಡ್ರಿಲ್‌ಗಳನ್ನು ಕಾಯಿಸಿದಾಗ ಮೇಲೆ ಕೂರುವ ತೆಳ್ಳಗಿನ ಆಕ್ಸೈಡ್ ಕೂಡ ಹೆಚ್ಚೂ ಕಡಿಮೆ ಹಾಗೇ ಕಾಣುತ್ತದೆ.

ಡ್ರಿಲ್ ಬಿಟ್ ಮಟ್ಟಿಗೆ ಇದು ಸಣ್ಣ ವಿಷಯ. ಹಾಳಾದರೆ ಇನ್ನೊಂದು ತಗೋಬಹುದು. ಅದೇ ಕೋಟಿಂಗ್, ಲೋಹದ ಶೀಟ್‌ಗೆ ತೂತು ಹೊಡೆಯುವ ಒಂದು ಪ್ರೆಸ್ ಟೂಲ್‌ನ ಪಂಚ್ ಮೇಲೆ, ಪ್ಲಾಸ್ಟಿಕ್ ಮೋಲ್ಡ್‌ನ ಕೋರ್ ಮೇಲೆ, ಕರಗಿದ ಅಲ್ಯೂಮಿನಿಯಂ ಅಚ್ಚಿಗೆ ತುಂಬುವ ಡೈಕಾಸ್ಟಿಂಗ್‌ನ ಪಿನ್ ಮೇಲೆ ಕೂತಾಗ ಲೆಕ್ಕ ಬದಲಾಗುತ್ತದೆ. ಆ ಟೂಲ್ ಮಾಡಲು ವಾರಗಟ್ಟಲೆ ಕೆಲಸ ಹಿಡಿದಿರುತ್ತದೆ. ಅದು ನಿಂತರೆ ಪ್ರೆಸ್ ನಿಲ್ಲುತ್ತದೆ, ಪ್ರೆಸ್ ನಿಂತರೆ ಗ್ರಾಹಕರ ಲೈನ್ ನಿಲ್ಲುತ್ತದೆ. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ಕೆಲಸ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವಿದ್ಯುತ್ ಹರಿಸಿ ಚಾರ್ಜ್ ಬರಿಸಿದ ಅನಿಲದ, ಅಂದರೆ ಪ್ಲಾಸ್ಮಾದ, ನೆರವಿನಿಂದ ಕೂರಿಸುವ ಇಂಥ ಪ್ಲಾಸ್ಮಾ ಕೋಟಿಂಗ್ ಈಗ ಹೊಸದೇನಲ್ಲ. ಬೇಡಿಕೆ ಮಾತ್ರ ಹೆಚ್ಚುತ್ತಿದೆ, ಅದಕ್ಕೆ ಗಟ್ಟಿ ಕಾರಣಗಳೂ ಇವೆ. ಅಷ್ಟಾದರೂ ನಮ್ಮ ಸಣ್ಣ ಟೂಲ್‌ರೂಮುಗಳಲ್ಲಿ ಇದನ್ನು ಎಲ್ಲ ಕೆಲಸ ಮುಗಿದ ಮೇಲೆ ಕೊನೆಗೆ ಬಳಿಸುವ ಬಣ್ಣದ ಥರ ನೋಡುವ ಅಭ್ಯಾಸ ಹೋಗಿಲ್ಲ. ಹಣ ಪೋಲಾಗುವುದು ಅಲ್ಲೇ. ಕೋಟಿಂಗ್ ನಿಲ್ಲುತ್ತದೋ ಏಳುತ್ತದೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ಉಕ್ಕು ಆರಿಸುವಾಗ, ಟೆಂಪರಿಂಗ್ ಮಾಡುವಾಗ (ಅಂದರೆ ಗಟ್ಟಿ ಮಾಡಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸುವಾಗ), ಗ್ರೈಂಡಿಂಗ್ ಮಾಡುವಾಗ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಟೂಲ್‌ರೂಮಿನಲ್ಲಿ ನನ್ನ ಕೈಗೆ ಒಂದು ಪಿಯರ್ಸಿಂಗ್ ಪಂಚ್ ಕೊಟ್ಟರು. "ನೋಡಿ ಸಾರ್, ಕೋಟಿಂಗ್ ಎದ್ದು ಹೋಗಿದೆ. ಕೋಟಿಂಗ್‌ನವರನ್ನ ಕೇಳಿದ್ರೆ ನಮ್ದೇನೂ ತಪ್ಪಿಲ್ಲ ಅಂತಾರೆ." ಲೆನ್ಸ್ ಇಟ್ಟು ನೋಡಿದರೆ ಪಂಚ್‌ನ ಮೈಮೇಲೆಲ್ಲ ಬಣ್ಣ ಗಟ್ಟಿಯಾಗಿಯೇ ಇತ್ತು. ತುದಿಯಲ್ಲಿ ಮಾತ್ರ ಸುತ್ತಲೂ ಉಂಗುರದ ಹಾಗೆ ಬರೀ ಉಕ್ಕು ಕಾಣುತ್ತಿತ್ತು. ಚೂಪಾಗಿರಬೇಕಾದ ಅಂಚು ಒಂದಿಷ್ಟು ಹೊರಕ್ಕೆ ಉಬ್ಬಿತ್ತು. ಕೋಟಿಂಗ್ ಸವೆದು ಹೋದ ಗುರುತಲ್ಲ ಅದು. ಕೆಳಗಿನ ಉಕ್ಕು ಒತ್ತಡಕ್ಕೆ ಹರಡಿಕೊಂಡಿದೆ, ಮೇಲಿನ ಪದರ ಅದರ ಜೊತೆ ಹಿಗ್ಗಲಾರದೆ ಒಡೆದಿದೆ. ಬದಿಯಲ್ಲಿ ಸ್ವಲ್ಪ ಗ್ರೈಂಡ್ ಮಾಡಿ, ಗಟ್ಟಿತನವನ್ನು ಎಚ್‌ಆರ್‌ಸಿ ಅನ್ನುವ ಅಂಕಿಯಲ್ಲಿ ಅಳೆಯುವ ರಾಕ್‌ವೆಲ್ ಮೆಷಿನ್‌ನಲ್ಲಿ ನೋಡಿದಾಗ 60 ಎಚ್‌ಆರ್‌ಸಿ ಬರಬೇಕಾದ ಕಡೆ 50ರ ಹತ್ತಿರ ತೋರಿಸಿತು. ಯಾವ ಉಕ್ಕು ಅಂತ ಕೇಳಿದೆ. ಓಎಚ್‌ಎನ್‌ಎಸ್ ಅಂದರು. ಉತ್ತರ ಅಲ್ಲೇ ಇತ್ತು.

ಓಎಚ್‌ಎನ್‌ಎಸ್ ಅಂದರೆ ಎಣ್ಣೆಯಲ್ಲಿ ಗಟ್ಟಿ ಮಾಡುವ, ಆಕಾರ ಹೆಚ್ಚು ಕೆಡದ ಉಕ್ಕು. ಬೆಲೆ ಕಡಿಮೆ, ಮೆಷಿನಿಂಗ್ ಸುಲಭ, ಎಲ್ಲ ಕಡೆ ಸಿಗುತ್ತದೆ. ಇದನ್ನು ಹಾರ್ಡನಿಂಗ್ ಮಾಡಿ ಸುಮಾರು 180ರಿಂದ 200 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ 58ರಿಂದ 60 ಎಚ್‌ಆರ್‌ಸಿ ನಿಲ್ಲುತ್ತದೆ. ಮಾಮೂಲಿ ಟೈಟೇನಿಯಂ ನೈಟ್ರೈಡ್ ಕೋಟಿಂಗ್ ನಡೆಯುವುದು 450 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಕೋಟಿಂಗ್ ಮಾಡುವ ಮೆಷಿನ್ ಒಳಗೇ ಆ ಪಂಚ್‌ಗೆ ಇನ್ನೊಂದು ಸಲ, ಬಹಳ ಹೆಚ್ಚು ಬಿಸಿಯಲ್ಲಿ, ಟೆಂಪರಿಂಗ್ ಆಗಿ ಹೋಗುತ್ತದೆ. ಹೊರಗೆ ಬಂದಾಗ ಮೇಲೆ ಚಿನ್ನದ ಬಣ್ಣ, ಒಳಗೆ ಮೆತ್ತಗಾದ ಉಕ್ಕು. ಕೋಟಿಂಗ್ ಇಲ್ಲದೆ ಹಾಗೇ ಹಾಕಿದ್ದರೆ ಆ ಪಂಚ್ ಇನ್ನೂ ಜಾಸ್ತಿ ಓಡುತ್ತಿತ್ತು. ದುಡ್ಡು ಕೊಟ್ಟು ಟೂಲ್ ಹಾಳು ಮಾಡಿಸಿಕೊಂಡ ಹಾಗಾಯಿತು, ಅಲ್ವಾ?

ಎಚ್‌ಸಿಎಚ್‌ಸಿಆರ್, ಅಂದರೆ ಡಿ2 ಉಕ್ಕಿನ ಕಥೆ ಇನ್ನೂ ಸೂಕ್ಷ್ಮ. ಅದನ್ನು ಎರಡು ದಾರಿಯಲ್ಲಿ ಟೆಂಪರ್ ಮಾಡಬಹುದು. 200 ಡಿಗ್ರಿಯ ಹತ್ತಿರ ಮಾಡಿದರೆ 60–62 ಎಚ್‌ಆರ್‌ಸಿ ಸಿಗುತ್ತದೆ. ಹಾರ್ಡನಿಂಗ್ ಬಿಸಿಯನ್ನು ಸ್ವಲ್ಪ ಏರಿಸಿ, ಆಮೇಲೆ 500ರಿಂದ 530 ಡಿಗ್ರಿಯಲ್ಲಿ ಎರಡು ಮೂರು ಸಲ ಟೆಂಪರ್ ಮಾಡಿದರೆ 58–60 ಸಿಗುತ್ತದೆ. ಎರಡೂ ಟೂಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗಾಗಲಿ, ರಾಕ್‌ವೆಲ್ ಮೆಷಿನ್‌ಗಾಗಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. 450 ಡಿಗ್ರಿ ಬಿಸಿಗೆ ಹೋಗಿ ಬಂದ ಮೇಲೆ ಎರಡನೆಯದು ಇದ್ದ ಹಾಗೇ ಇರುತ್ತದೆ. ಮೊದಲನೆಯದು ಗಟ್ಟಿತನ ಕಳೆದುಕೊಂಡಿರುತ್ತದೆ. ಉಕ್ಕಿನೊಳಗೆ ಮಾರ್ಪಾಡಾಗದೆ ಉಳಿದ, ಆಸ್ಟೆನೈಟ್ ಅನ್ನುವ ರೂಪ ಆ ಬಿಸಿಯಲ್ಲಿ ಬದಲಾದರೆ ಅಳತೆಯೂ ಆಚೀಚೆ ಆಗುತ್ತದೆ. ಡೈ ಕ್ಲಿಯರೆನ್ಸ್, ಅಂದರೆ ಪಂಚ್ ಮತ್ತು ಡೈ ನಡುವಿನ ಸಂದು, ಮೈಕ್ರಾನ್ ಲೆಕ್ಕದಲ್ಲಿ ಇಟ್ಟವರಿಗೆ ಅದೊಂದೇ ಸಾಕು ತಲೆಬಿಸಿಗೆ.

ಎಚ್‌ಎಸ್‌ಎಸ್‌ಗೆ ಈ ತೊಂದರೆ ಇಲ್ಲ. ಅದನ್ನು ಟೆಂಪರ್ ಮಾಡುವುದೇ 540–560 ಡಿಗ್ರಿಯಲ್ಲಿ, ಅದೂ ಮೂರು ಸಲ. ಚಿನ್ನದ ಬಣ್ಣ ಮೊದಲು ಡ್ರಿಲ್, ಟ್ಯಾಪ್, ಹಾಬ್‌ಗಳ ಮೇಲೆ ಜನಪ್ರಿಯವಾಗಿದ್ದರ ಹಿಂದೆ ಈ ಸಂಗತಿಯೂ ಇದೆ. ಹಾಟ್ ಡೈ ಸ್ಟೀಲ್ ಅಂತ ಕರೆಯುವ ಎಚ್11, ಎಚ್13 ಕೂಡ ಇದೇ ಸಾಲಿಗೆ ಸೇರುತ್ತವೆ. ಅವನ್ನು ಸಾಮಾನ್ಯವಾಗಿ 550 ಡಿಗ್ರಿಗಿಂತ ಮೇಲೆ ಟೆಂಪರ್ ಮಾಡಿರುತ್ತಾರೆ.

ಹಳೆಯ ದಾರಿ ಇನ್ನೂ ಕಷ್ಟದ್ದಿತ್ತು. ಸಿವಿಡಿ ಅನ್ನುವ ವಿಧಾನದಲ್ಲಿ ಅನಿಲಗಳನ್ನು ಸುಮಾರು 1000 ಡಿಗ್ರಿ ಬಿಸಿಯಲ್ಲಿ ಒಂದಕ್ಕೊಂದು ಬೆರೆಸಿ ಗಟ್ಟಿ ಪದರ ಕೂರಿಸುತ್ತಾರೆ. 1960ರ ದಶಕದ ಕೊನೆಯಲ್ಲಿ ಲೋಹ ಕತ್ತರಿಸುವ ಕಾರ್ಬೈಡ್ ಇನ್ಸರ್ಟ್‌ಗಳ ಮೇಲೆ ಟೈಟೇನಿಯಂ ಕಾರ್ಬೈಡ್ ಬಂದಿದ್ದು ಹೀಗೇ. ಕಾರ್ಬೈಡ್ ಆ ಬಿಸಿ ತಡೆಯುತ್ತದೆ. ಟೂಲ್ ಸ್ಟೀಲ್ ತಡೆಯುವುದಿಲ್ಲ. ಕೋಟಿಂಗ್ ಆದ ಮೇಲೆ ಮತ್ತೆ ಹಾರ್ಡನಿಂಗ್ ಮಾಡಬೇಕು, ಆಗ ಟೂಲ್ ಸೊಟ್ಟಗಾಗುತ್ತದೆ. ಬೇಕಾದ ಶಕ್ತಿಯನ್ನು ಬೆಂಕಿಯ ಬದಲು ವಿದ್ಯುತ್ತಿನಿಂದ ಕೊಡುವ ದಾರಿ ಸಿಕ್ಕಿದ ಮೇಲೆ ಟೂಲ್ ಸ್ಟೀಲ್‌ಗೆ ಬಾಗಿಲು ತೆರೆಯಿತು. ಆ ದಾರಿಯೇ ಪ್ಲಾಸ್ಮಾ.

ಅನಿಲದೊಳಗೆ ಸಾಕಷ್ಟು ವಿದ್ಯುತ್ ಹರಿಸಿದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಉಳಿದ ಅಯಾನುಗಳಿಗೆ ವಿದ್ಯುತ್ ಚಾರ್ಜ್ ಇರುತ್ತದೆ. ಚಾರ್ಜ್ ಇರುವುದರಿಂದ ಅವನ್ನು ವೋಲ್ಟೇಜ್ ಕೊಟ್ಟು ಎಳೆಯಬಹುದು, ನಮಗೆ ಬೇಕಾದ ವೇಗದಲ್ಲಿ ಟೂಲ್ ಮೇಲೆ ಬಡಿಯುವಂತೆ ಮಾಡಬಹುದು. ಇಡೀ ತಂತ್ರ ನಿಂತಿರುವುದು ಇದರ ಮೇಲೆ.

ಆರ್ಕ್ ಮೆಷಿನ್ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ತೊಳೆದು ಒಣಗಿಸಿದ ಟೂಲ್‌ಗಳನ್ನು ತಿರುಗುವ ಸ್ಟ್ಯಾಂಡ್‌ಗೆ ಸಿಕ್ಕಿಸುತ್ತಾರೆ. ಸ್ಟ್ಯಾಂಡ್ ತಿರುಗುತ್ತದೆ, ಅದರ ಮೇಲೆ ಪ್ರತಿ ಟೂಲ್ ಕೂಡ ತನ್ನಷ್ಟಕ್ಕೆ ತಿರುಗುತ್ತದೆ. ಬಾಗಿಲು ಹಾಕಿ ಗಾಳಿ ಎಳೆದು ತೆಗೆಯುತ್ತಾರೆ. ಒಳಗಿನ ಒತ್ತಡ ಹೊರಗಿನ ಗಾಳಿಯ ಕೋಟಿಗಟ್ಟಲೆ ಪಾಲಿನಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಿಸಿ ಏರಿಸುತ್ತಾರೆ. ಆಮೇಲೆ ಆರ್ಗಾನ್ ಬಿಟ್ಟು, ಟೂಲ್‌ಗೆ ನೆಗೆಟಿವ್ ವೋಲ್ಟೇಜ್ ಕೊಡುತ್ತಾರೆ. ಆರ್ಗಾನ್ ಅಯಾನುಗಳು ಟೂಲ್‌ನ ಮೈ ಮೇಲೆ ಬಡಿದು, ಉಳಿದುಕೊಂಡ ತೆಳು ಆಕ್ಸೈಡನ್ನು ಕೆರೆದು ತೆಗೆಯುತ್ತವೆ. ಈ ಹಂತದಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ.

ಇಷ್ಟಾದ ಮೇಲೆ ಗೋಡೆಯಲ್ಲಿ ಕೂರಿಸಿರುವ ಟೈಟೇನಿಯಂ ತಟ್ಟೆಯ ಮೇಲೆ ಆರ್ಕ್ ಹೊತ್ತಿಸುತ್ತಾರೆ. ವೋಲ್ಟೇಜ್ ಇಪ್ಪತ್ತರ ಹತ್ತಿರ ಅಷ್ಟೇ, ಕರೆಂಟ್ ಮಾತ್ರ ನೂರು ಆಂಪಿಯರ್ ಸುಮಾರು. ಆ ಕರೆಂಟೆಲ್ಲ ಕೆಲವೇ ಮೈಕ್ರಾನ್ ಅಗಲದ ಚುಕ್ಕೆಗಳಲ್ಲಿ ಸೇರಿಕೊಳ್ಳುತ್ತದೆ. ಚುಕ್ಕೆ ಇದ್ದ ಜಾಗದಲ್ಲಿ ಟೈಟೇನಿಯಂ ನೇರ ಆವಿಯಾಗಿ, ಅಯಾನಾಗಿ ಹೊರಗೆ ಚಿಮ್ಮುತ್ತದೆ. ಕಿಟಕಿಯಿಂದ ನೋಡಿದರೆ ಆ ಚುಕ್ಕೆಗಳು ತಟ್ಟೆಯ ಮೇಲೆ ಹುಚ್ಚೆದ್ದು ಓಡಾಡುವುದು ಕಾಣುತ್ತದೆ. ಒಳಗೆ ನೈಟ್ರೋಜನ್ ಬಿಟ್ಟರೆ ಎರಡೂ ಟೂಲ್ ಮೇಲೆ ಸೇರಿ ಟೈಟೇನಿಯಂ ನೈಟ್ರೈಡ್ ಬೆಳೆಯುತ್ತದೆ. ಒಂದು ಗಂಟೆಗೆ ಒಂದೆರಡು ಮೈಕ್ರಾನ್. ಬಿಸಿ ಮಾಡುವುದು, ತಣಿಸುವುದು ಎಲ್ಲ ಸೇರಿದರೆ ಒಂದು ಬ್ಯಾಚ್‌ಗೆ ಹೆಚ್ಚೂ ಕಡಿಮೆ ಒಂದು ಶಿಫ್ಟ್ ಹಿಡಿಯುತ್ತದೆ.

ಈ ಆರ್ಕ್ ವಿಧಾನ ಬಳಕೆಗೆ ಬಂದಿದ್ದು 1970ರ ದಶಕದ ಸೋವಿಯತ್ ಒಕ್ಕೂಟದಲ್ಲಿ. ಖಾರ್ಕಿವ್‌ನ ಭೌತ–ತಾಂತ್ರಿಕ ಸಂಸ್ಥೆಯಲ್ಲಿ ಬೆಳೆದ ಯಂತ್ರಗಳು ಅಲ್ಲಿಂದ ಅಮೆರಿಕಕ್ಕೆ ಹೋದವು. ಇದರ ಬಲ ಅಂದರೆ ಹಿಡಿತ. ಅಯಾನುಗಳು ಜೋರಾಗಿ ಬಡಿಯುವುದರಿಂದ ಪದರ ಉಕ್ಕಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕೊರತೆ ಅಂದರೆ ಹನಿಗಳು. ಆರ್ಕ್ ಚುಕ್ಕೆ ಆವಿಯ ಜೊತೆ ಕರಗಿದ ಲೋಹದ ಸಣ್ಣ ಸಣ್ಣ ಹನಿಗಳನ್ನೂ ಉಗುಳುತ್ತದೆ. ಅವು ಕೋಟಿಂಗ್ ಒಳಗೆ ಸಿಕ್ಕಿಕೊಂಡು ಮೈ ತರಿತರಿ ಆಗುತ್ತದೆ. ಡ್ರಿಲ್‌ಗೆ ಪರವಾಗಿಲ್ಲ. ಕನ್ನಡಿಯಂಥ ಫಿನಿಶ್ ಬೇಕಾದ ಪ್ಲಾಸ್ಟಿಕ್ ಮೋಲ್ಡ್‌ಗೆ ಆಗುವುದಿಲ್ಲ. ಅಲ್ಲಿ ಸ್ಪಟರಿಂಗ್ ಬೇಕು. ಅದರಲ್ಲಿ ಲೋಹ ಕರಗುವುದಿಲ್ಲ, ಆರ್ಗಾನ್ ಅಯಾನುಗಳ ಏಟಿಗೆ ಪರಮಾಣುಗಳು ಒಂದೊಂದಾಗಿ ಹಾರುತ್ತವೆ. ನುಣುಪು ಚೆನ್ನಾಗಿರುತ್ತದೆ, ಹಿಡಿತ ಅಷ್ಟಿರುವುದಿಲ್ಲ. ಎರಡರ ಒಳ್ಳೆಯದನ್ನೂ ಸೇರಿಸುವ ಪ್ರಯತ್ನವೇ ಹಿಪಿಮ್ಸ್. ಸ್ವೀಡನ್‌ನ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯದಿಂದ 1999ರಲ್ಲಿ ಬಂದ ಪ್ರಬಂಧ ಇದಕ್ಕೆ ದಾರಿ ಮಾಡಿತು. ಸ್ಪಟರಿಂಗ್ ತಟ್ಟೆಗೆ ಕರೆಂಟನ್ನು ಒಂದೇ ಸಮ ಕೊಡುವ ಬದಲು, ಮೈಕ್ರೋಸೆಕೆಂಡ್‌ಗಳ ಲೆಕ್ಕದಲ್ಲಿ, ಭಾರೀ ಜೋರಿನ ಹೊಡೆತಗಳಾಗಿ ಕೊಡುತ್ತಾರೆ. ಹನಿ ಇಲ್ಲದೆ ಅಯಾನುಗಳು ಸಿಗುತ್ತವೆ.

ಲೋಹವನ್ನು ಹೀಗೆ ಆವಿ ಮಾಡಿ ಪದರ ಕೂರಿಸುವ ವಿಧಾನಗಳನ್ನೆಲ್ಲ ಸೇರಿಸಿ ಪಿವಿಡಿ ಅನ್ನುತ್ತಾರೆ. ಈ ಎಲ್ಲ ವಿಧಾನಗಳಿಗೂ ಒಂದು ಮಿತಿ ಇದೆ. ಆವಿ ಬರುವ ದಿಕ್ಕಿಗೆ ಮುಖ ಮಾಡಿದ ಜಾಗಕ್ಕೆ ಮಾತ್ರ ಕೋಟಿಂಗ್ ಕೂರುತ್ತದೆ. ರಂಧ್ರದ ಒಳಗೆ ಅದರ ವ್ಯಾಸದಷ್ಟು ಆಳ ಹೋದರೆ ದೊಡ್ಡದು. ಆಳವಾದ ಡೈ ಬೋರ್ ಕೊಟ್ಟು "ಒಳಗೂ ಕೋಟಿಂಗ್ ಬರಲಿ" ಅಂದರೆ ಬಾಯಿ ಹತ್ತಿರ ಬಣ್ಣ ಬರುತ್ತದೆ, ಕೆಲಸ ನಡೆಯುವ ಜಾಗದಲ್ಲಿ ಏನೂ ಇರುವುದಿಲ್ಲ.

ಇನ್ನು ಬುಡದ ವಿಷಯ. ಎಚ್13 ಡೈ ಒಂದನ್ನು ಹಾರ್ಡನಿಂಗ್ ಮಾಡಿ ಸಾಮಾನ್ಯವಾಗಿ 44–50 ಎಚ್‌ಆರ್‌ಸಿಗೆ ಇಡುತ್ತಾರೆ, ಯಾಕೆಂದರೆ ಅದಕ್ಕೆ ಏಟು ತಡೆಯುವ ಗುಣ ಬೇಕು. ಗಟ್ಟಿತನದ ಇನ್ನೊಂದು ಅಳತೆಯಾದ ವಿಕರ್ಸ್ ಲೆಕ್ಕದಲ್ಲಿ 450ರಿಂದ 500ರ ಸುತ್ತ. ಅದರ ಮೇಲೆ 2000 ದಾಟುವ ಗಟ್ಟಿತನದ ಮೂರು ಮೈಕ್ರಾನ್ ಪದರ ಕೂರಿಸಿದರೆ ಏನಾಗುತ್ತದೆ? ಕೆಸರಿನ ಮೇಲೆ ಕಡಪ ಕಲ್ಲು ಹಾಸಿದ ಹಾಗೆ. ಕಲ್ಲು ಗಟ್ಟಿಯೇ, ಆದರೆ ಮೇಲೆ ಭಾರ ಬಿದ್ದರೆ ಕೆಳಗಿನ ಮಣ್ಣು ಕುಸಿದು ಕಲ್ಲು ಬಿರುಕು ಬಿಡುತ್ತದೆ. ಮೂರು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು. ಮಾಮೂಲಿ ಮೈಕ್ರೋಮೀಟರಿನ ಒಂದು ಗೆರೆಗೂ ಅದು ಸಾಲದು. ಅಷ್ಟು ತೆಳುವಾದದ್ದು ತನ್ನ ಬಲದಿಂದ ಭಾರ ಹೊರುವುದಿಲ್ಲ. ಹೊರುವುದು ಕೆಳಗಿನ ಉಕ್ಕು.

ಹಾಗಾದರೆ ಕೋಟಿಂಗನ್ನೇ ದಪ್ಪ ಮಾಡಬಾರದಾ? ಆಗುವುದಿಲ್ಲ. ಅಯಾನುಗಳ ಏಟಿನಿಂದ ಬೆಳೆದ ಪದರದೊಳಗೆ ಭಾರೀ ಒತ್ತಡ ಸೇರಿಕೊಂಡಿರುತ್ತದೆ. ಸ್ವಲ್ಪ ಇದ್ದರೆ ಒಳ್ಳೆಯದು, ಬಿರುಕು ಹರಡುವುದನ್ನು ತಡೆಯುತ್ತದೆ. ದಪ್ಪ ಹೆಚ್ಚಿದಂತೆ ಪದರ ಚೂಪಾದ ಅಂಚುಗಳಲ್ಲಿ ತಾನಾಗೇ ಎದ್ದು ಬರುತ್ತದೆ.

ಇದಕ್ಕೆ ಸಿಕ್ಕ ಉತ್ತರ ಪ್ಲಾಸ್ಮಾ ನೈಟ್ರೈಡಿಂಗ್. ಇದು ಕೋಟಿಂಗ್‌ಗಿಂತ ಹಳೆಯದು. ಜರ್ಮನಿಯಲ್ಲಿ 1930ರ ದಶಕದಲ್ಲೇ ಬರ್ನ್‌ಹಾರ್ಡ್ ಬೆರ್ಗ್‌ಹೌಸ್ ಇದರ ಮೇಲೆ ಕೆಲಸ ಮಾಡಿದ್ದರು. ಇಲ್ಲಿ ಮೇಲೆ ಹೊಸ ಪದರವೇನೂ ಕೂರಿಸುವುದಿಲ್ಲ. ನೈಟ್ರೋಜನ್ ಮತ್ತು ಹೈಡ್ರೋಜನ್ ಬೆರೆಸಿದ ಅನಿಲದಲ್ಲಿ, ಕಡಿಮೆ ಒತ್ತಡದಲ್ಲಿ, ಟೂಲ್‌ಗೆ ಕೆಲವು ನೂರು ವೋಲ್ಟ್ ಕೊಡುತ್ತಾರೆ. ಟೂಲ್ ಸುತ್ತ ನೇರಳೆ ಬಣ್ಣದ ಬೆಳಕು ಅಂಟಿಕೊಂಡ ಹಾಗೆ ಉರಿಯುತ್ತದೆ. 480–520 ಡಿಗ್ರಿಯಲ್ಲಿ ಹತ್ತಾರು ಗಂಟೆ ಬಿಟ್ಟರೆ ನೈಟ್ರೋಜನ್ ಉಕ್ಕಿನೊಳಕ್ಕೆ ಇಳಿದು, ಕ್ರೋಮಿಯಂನಂಥ ಧಾತುಗಳ ಜೊತೆ ಸೇರಿ ಗಟ್ಟಿ ಮಾಡುತ್ತದೆ. ಎಚ್13ರಲ್ಲಿ ಮೇಲ್ಮೈ 1000 ವಿಕರ್ಸ್ ದಾಟುತ್ತದೆ. ಮುಖ್ಯ ಸಂಗತಿ, ಆ ಗಟ್ಟಿತನ ಒಂದೇ ಸಲ ನಿಲ್ಲುವುದಿಲ್ಲ. ನೂರು ಮೈಕ್ರಾನ್ ಆಚೀಚೆ ಆಳದವರೆಗೆ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಅದರ ಮೇಲೆ ಕೋಟಿಂಗ್ ಕೂತಾಗ ಕೆಳಗೆ ಭದ್ರ ಬುಡ ಇರುತ್ತದೆ. ಇದನ್ನೇ ಡ್ಯೂಪ್ಲೆಕ್ಸ್ ಅನ್ನುತ್ತಾರೆ. ಫೋರ್ಜಿಂಗ್ ಡೈ, ಡೈಕಾಸ್ಟಿಂಗ್ ಕೋರ್ ಪಿನ್‌ನಂಥ ಕೆಲಸಕ್ಕೆ ನನ್ನ ಮಟ್ಟಿಗೆ ಇದನ್ನು ಬಿಟ್ಟು ಬರೀ ಕೋಟಿಂಗ್ ಹಾಕಿಸುವುದು ಅರ್ಧ ಕೆಲಸ.

ಇಲ್ಲೂ ಎಚ್ಚರ ತಪ್ಪುವ ಒಂದು ಜಾಗ ಇದೆ. ನೈಟ್ರೈಡಿಂಗ್‌ನಲ್ಲಿ ನೈಟ್ರೋಜನ್ ಜಾಸ್ತಿಯಾದರೆ ಮೇಲುಗಡೆ ಕಬ್ಬಿಣದ ನೈಟ್ರೈಡ್‌ನ ಬಿಳಿ ಪದರ ಕಟ್ಟುತ್ತದೆ. ಬೇರೆ ಕೆಲಸಗಳಿಗೆ ಅದು ಒಳ್ಳೆಯದೇ. ಅದರ ಮೇಲೆ ಕೋಟಿಂಗ್ ಮಾಡಲು ಹೋದರೆ, ನಿರ್ವಾತದ ಬಿಸಿಯಲ್ಲಿ ಆ ಪದರ ಒಡೆದು ನೈಟ್ರೋಜನ್ ಬಿಟ್ಟುಕೊಡುತ್ತದೆ. ಕೋಟಿಂಗ್ ಕೆಳಗೆ ಕಪ್ಪು, ಸಡಿಲ ಪದರ ಉಳಿಯುತ್ತದೆ. ಹಿಡಿತ ಹೋಯಿತು ಅಂತಲೇ ಲೆಕ್ಕ. ಪ್ಲಾಸ್ಮಾದಲ್ಲಿ ಅನಿಲದ ಪ್ರಮಾಣ ಬದಲಿಸಿ ಬಿಳಿ ಪದರ ಬರದ ಹಾಗೆ ನೋಡಿಕೊಳ್ಳಬಹುದು. ಕರಗಿದ ಉಪ್ಪಿನಲ್ಲಿ ಮುಳುಗಿಸುವ ಹಳೆಯ ಸಾಲ್ಟ್ ಬಾತ್‌ನಲ್ಲಿ ಅದು ಬಲು ಕಷ್ಟ, ಮೇಲಾಗಿ ಅಲ್ಲಿ ಸಯನೈಡ್ ಜಾತಿಯ ಉಪ್ಪುಗಳ ಅಪಾಯ ಬೇರೆ. ನೈಟ್ರೈಡಿಂಗ್ ಒಬ್ಬರ ಹತ್ತಿರ, ಕೋಟಿಂಗ್ ಇನ್ನೊಬ್ಬರ ಹತ್ತಿರ ಮಾಡಿಸುವವರು ಈ ಮಾತನ್ನು ಮೊದಲೇ ಇಬ್ಬರಿಗೂ ಹೇಳಬೇಕು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಪ್ಲಾಸ್ಮಾ ನೈಟ್ರೈಡಿಂಗನ್ನು ಕೈಗಾರಿಕೆಗಳಿಗೆ ತಲುಪಿಸುವ ಕೆಲಸ ಮಾಡುತ್ತಾ ಬಂದಿದೆ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್‌ನ ಮೇಲ್ಮೈ ಎಂಜಿನಿಯರಿಂಗ್ ವಿಭಾಗದಲ್ಲಿ ಸ್ಪಟರಿಂಗ್ ವಿಧಾನದ ಗಟ್ಟಿ ಕೋಟಿಂಗ್‌ಗಳ ಬಗ್ಗೆ ಒಳ್ಳೆಯ ಸಂಶೋಧನೆ ನಡೆದಿದೆ. ಅಂದರೆ ವಿದ್ಯೆ ನಮ್ಮಲ್ಲಿ ಇಲ್ಲ ಅನ್ನುವ ಹಾಗಿಲ್ಲ.

ಮೇಲ್ಮೈಯ ಸ್ಥಿತಿ ಬಗ್ಗೆ ಎರಡು ಮಾತು. ಸ್ಪಾರ್ಕ್ ಅಥವಾ ವೈರ್‌ಕಟ್ ಮಾಡಿದ, ಅಂದರೆ ವಿದ್ಯುತ್ ಕಿಡಿಯಿಂದ ಕತ್ತರಿಸಿದ, ಜಾಗದಲ್ಲಿ ಕರಗಿ ಮತ್ತೆ ಗಟ್ಟಿಯಾದ ಪದರ ಇರುತ್ತದೆ, ಅದರಲ್ಲಿ ಸೂಕ್ಷ್ಮ ಬಿರುಕುಗಳು ತುಂಬಿರುತ್ತವೆ. ಅದನ್ನು ಪಾಲಿಶ್ ಮಾಡಿ ತೆಗೆಯದೆ ಕೋಟಿಂಗ್‌ಗೆ ಕಳಿಸಿದರೆ, ಕೋಟಿಂಗ್ ಆ ಪದರಕ್ಕೆ ಅಂಟುತ್ತದೆ, ಆ ಪದರವೇ ಕಿತ್ತು ಬರುತ್ತದೆ. ಗ್ರೈಂಡಿಂಗ್‌ನಲ್ಲಿ ಸುಟ್ಟ ಮೈಗೂ ಇದೇ ಗತಿ. ಅಂಚಿನಲ್ಲಿ ಬರ್, ಅಂದರೆ ಲೋಹದ ಸಿಬಿರು, ಉಳಿದಿದ್ದರೆ ಕೋಟಿಂಗ್ ಬರ್ ಮೇಲೆ ಕೂರುತ್ತದೆ, ಮೊದಲ ಏಟಿಗೆ ಎರಡೂ ಮುರಿದು ಅಂಚು ಬರಿದಾಗುತ್ತದೆ. ಒಂದೇ ಕಡೆ ಬಾಯಿ ಇರುವ ಬ್ಲೈಂಡ್ ಹೋಲ್ ಒಳಗೆ ಎಣ್ಣೆ ಉಳಿದಿದ್ದರೆ ಅದು ನಿರ್ವಾತದಲ್ಲಿ ಆವಿಯಾಗಿ ಬ್ಯಾಚ್‌ನಲ್ಲಿರುವ ಬೇರೆಯವರ ಜಾಬ್‌ಗಳನ್ನೂ ಕೆಡಿಸುತ್ತದೆ.

ಯಾವ ಕೆಲಸಕ್ಕೆ ಯಾವ ಕೋಟಿಂಗ್ ಅನ್ನುವುದಕ್ಕೆ ತಯಾರಕರ ಪಟ್ಟಿಗಳಿವೆ. ಮುಖ್ಯವಾದುದನ್ನಷ್ಟೇ ಹೇಳುತ್ತೇನೆ. ಟೈಟೇನಿಯಂ ನೈಟ್ರೈಡ್ 500 ಡಿಗ್ರಿ ದಾಟಿದರೆ ಆಕ್ಸೈಡ್ ಆಗತೊಡಗುತ್ತದೆ. ಅದಕ್ಕೆ ಅಲ್ಯೂಮಿನಿಯಂ ಸೇರಿಸಿದರೆ 800 ಡಿಗ್ರಿಯವರೆಗೆ ತಡೆಯುತ್ತದೆ, ಬಣ್ಣ ನೇರಳೆ ಕಪ್ಪಿಗೆ ತಿರುಗುತ್ತದೆ. ಕೂಲೆಂಟ್ ಇಲ್ಲದೆ ಜೋರಾಗಿ ಉಕ್ಕು ಕತ್ತರಿಸುವವರಿಗೆ ಇದು ವರ. ಅದೇ ಕೋಟಿಂಗ್ ಹಾಕಿಕೊಂಡು ಅಲ್ಯೂಮಿನಿಯಂ ಕತ್ತರಿಸಲು ಹೋದರೆ ಲೋಹ ಅಂಚಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಗೆ ಡಿಎಲ್‌ಸಿ, ಅಂದರೆ ವಜ್ರದ ಗುಣ ಇರುವ ಕಾರ್ಬನ್ ಪದರ, ಸರಿಯಾದದ್ದು. ಡಿಎಲ್‌ಸಿ ಜಾರಿಕೆ ಚೆನ್ನಾಗಿದೆ, ಆದರೆ ಸಾಮಾನ್ಯ ಬಗೆಯದು 300–350 ಡಿಗ್ರಿ ಮೇಲೆ ನಿಲ್ಲುವುದಿಲ್ಲ. ಡೈಕಾಸ್ಟಿಂಗ್‌ನಲ್ಲಿ ಅಲ್ಯೂಮಿನಿಯಂ ಪಿನ್‌ಗೆ ಅಂಟಿಕೊಳ್ಳುವ ತೊಂದರೆಗೆ ಕ್ರೋಮಿಯಂ ನೈಟ್ರೈಡ್ ಅಥವಾ ಅಲ್ಯೂಮಿನಿಯಂ ಕ್ರೋಮಿಯಂ ನೈಟ್ರೈಡ್ ಕೆಲಸ ಮಾಡುತ್ತದೆ. ಬಿಸಿ–ತಂಪು ಬದಲಾವಣೆಯಿಂದ ಡೈ ಮೇಲೆ ಬರುವ ಬಲೆಯಂಥ ಬಿರುಕುಗಳನ್ನು ಮಾತ್ರ ಯಾವ ಕೋಟಿಂಗೂ ನಿಲ್ಲಿಸುವುದಿಲ್ಲ. ಅದು ಉಕ್ಕಿನ ಮತ್ತು ಕೂಲಿಂಗ್‌ನ ವಿಷಯ.

ಈಗ ಬೇಡಿಕೆ ಯಾಕೆ ಏರುತ್ತಿದೆ ಅನ್ನುವುದಕ್ಕೆ ಬರೋಣ. ಮೊದಲನೆಯದು ಕಾರುಗಳ ಶೀಟ್. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್ 1ರಿಂದ ಶುರುವಾಗಿದೆ. ಗ್ರಾಹಕರು ಸ್ಟಾರ್ ರೇಟಿಂಗ್ ನೋಡುತ್ತಿದ್ದಾರೆ. ಗಾಡಿಯ ಚೌಕಟ್ಟು ಗಟ್ಟಿಯಾಗಬೇಕು, ತೂಕ ಏರಬಾರದು. ಅದಕ್ಕೆ 780, 980 ಮೆಗಾಪ್ಯಾಸ್ಕಲ್ ಬಲದ ಶೀಟ್‌ಗಳು ಬರುತ್ತಿವೆ. ಮೊದಲಿನ ಮೆತ್ತನೆ ಶೀಟ್‌ಗೆ ಸುಮ್ನೆ ಗಟ್ಟಿ ಮಾಡಿದ ಡಿ2 ಡೈ ಸಾಕಾಗುತ್ತಿತ್ತು. ಈಗಿನ ಶೀಟ್‌ನ ಒತ್ತಡಕ್ಕೆ ಶೀಟಿನ ಲೋಹ ಡೈ ಮೇಲೆ ಅಂಟಿ, ಮುಂದಿನ ಪೀಸ್ ಮೇಲೆ ಗೀರು ಹಾಕುತ್ತದೆ. ಗ್ಯಾಲಿಂಗ್ ಅನ್ನುವುದು ಇದಕ್ಕೇ. ಕೋಟಿಂಗ್ ಇಲ್ಲದೆ ಇಂಥ ಕೆಲಸ ಓಡಿಸುವುದು ಕಷ್ಟವಾಗುತ್ತಿದೆ.

ಎರಡನೆಯದು ಕಚ್ಚಾ ಲೋಹ. ಎಚ್‌ಎಸ್‌ಎಸ್‌ನ ಸಾಮಾನ್ಯ ದರ್ಜೆ ಎಂ2ರಲ್ಲಿ ಸುಮಾರು ಶೇ. 6 ಟಂಗ್‌ಸ್ಟನ್, ಶೇ. 5 ಮಾಲಿಬ್ಡಿನಂ ಇರುತ್ತದೆ. ಕಾರ್ಬೈಡ್ ಅಂತೂ ಟಂಗ್‌ಸ್ಟನ್ ಮತ್ತು ಕೋಬಾಲ್ಟ್‌ನಿಂದಲೇ ಆಗಿದ್ದು. ಜಗತ್ತಿನ ಟಂಗ್‌ಸ್ಟನ್‌ನಲ್ಲಿ ಸುಮಾರು ಶೇ. 80 ಚೀನಾದಿಂದ ಬರುತ್ತದೆ. 2025ರ ಫೆಬ್ರವರಿಯಲ್ಲಿ ಚೀನಾ ಟಂಗ್‌ಸ್ಟನ್, ಮಾಲಿಬ್ಡಿನಂ ಸೇರಿ ಕೆಲವು ಲೋಹಗಳ ರಫ್ತಿಗೆ ನಿಯಂತ್ರಣ ಹಾಕಿತು. ಅದೇ ತಿಂಗಳು ಕಾಂಗೋ ಕೋಬಾಲ್ಟ್ ರಫ್ತು ನಿಲ್ಲಿಸಿತು. ಕೋಲಾರದ ಚಿನ್ನದ ಗಣಿಯ ತ್ಯಾಜ್ಯ ದಿಬ್ಬಗಳಲ್ಲಿ ಟಂಗ್‌ಸ್ಟನ್ ಅಂಶ ಇರುವುದು ಹಿಂದಿನಿಂದಲೂ ಗೊತ್ತಿದೆ, ಆದರೆ ಅದು ಟೂಲ್‌ರೂಮಿನ ಬಾಗಿಲಿಗೆ ಬಂದಿಲ್ಲ. ಈ ಸ್ಥಿತಿಯಲ್ಲಿ ಒಂದು ಟೂಲ್ ಎರಡು ಪಟ್ಟು ಬಾಳಿದರೆ, ಅಷ್ಟು ಟಂಗ್‌ಸ್ಟನ್ ಆಮದು ಉಳಿದ ಹಾಗೆ. ಇದನ್ನು ಬರೀ ಟೂಲ್‌ರೂಮಿನ ಖರ್ಚಿನ ಲೆಕ್ಕ ಅಂತ ನೋಡಬಾರದು.

ಮೂರನೆಯದು ನನಗೆ ಎಲ್ಲಕ್ಕಿಂತ ಹತ್ತಿರದ್ದು, ನೀರು. ಡೈ ಮತ್ತು ಮೋಲ್ಡ್‌ಗಳಿಗೆ ದಶಕಗಳಿಂದ ಹಾರ್ಡ್ ಕ್ರೋಮ್ ಪ್ಲೇಟಿಂಗ್ ಹಾಕಿಸುತ್ತಾ ಬಂದಿದ್ದೇವೆ. ಆ ತೊಟ್ಟಿಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಯುರೋಪ್ 2017ರ ಸೆಪ್ಟೆಂಬರ್‌ನಿಂದಲೇ ಅನುಮತಿ ಇಲ್ಲದೆ ಆ ತೊಟ್ಟಿಗೆ ಹಾಕುವ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ ಅಂದಿದೆ. ಪೀಣ್ಯದ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಪತ್ತೆಯಾದ ಸುದ್ದಿ, ಪ್ಲೇಟಿಂಗ್ ಘಟಕಗಳತ್ತ ಬೊಟ್ಟು ಮಾಡಿದ ವರದಿಗಳು ಬೆಂಗಳೂರಿನವರಿಗೆ ಹೊಸದಲ್ಲ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅನ್ನುವುದು ನಮ್ಮ ಮಾನದಂಡ. ಪಿವಿಡಿ ಮೆಷಿನ್‌ಗೆ ಕ್ರೋಮಿಯಂ ಹೋಗುವುದು ಲೋಹದ ತಟ್ಟೆಯಾಗಿ. ಪ್ಲೇಟಿಂಗ್ ತೊಟ್ಟಿಯೂ ಇಲ್ಲ, ಅದರಿಂದ ಚರಂಡಿಗೆ ಬಿಡುವ ನೀರೂ ಇಲ್ಲ. ಹಾಗಂತ ಎಲ್ಲ ಕಡೆ ಬದಲಿಯಾಗುವುದಿಲ್ಲ. ಉದ್ದದ ಹೈಡ್ರಾಲಿಕ್ ರಾಡ್‌ಗೆ, ಸವೆದ ಭಾಗವನ್ನು ದಪ್ಪ ತುಂಬಿಸಿ ಅಳತೆಗೆ ತರುವ ಕೆಲಸಕ್ಕೆ ಮೂರು ಮೈಕ್ರಾನ್ ಕೋಟಿಂಗ್ ಏನೂ ಮಾಡಲಾರದು. ಡೈ, ಪಂಚ್, ಮೋಲ್ಡ್ ಮಟ್ಟಿಗಂತೂ ಬದಲಿ ಇದೆ. 800–1000 ವಿಕರ್ಸ್‌ನ ಕ್ರೋಮ್ ಜಾಗದಲ್ಲಿ 2000ದ ಹತ್ತಿರದ ಕ್ರೋಮಿಯಂ ನೈಟ್ರೈಡ್ ಕೂರಿಸಬಹುದು. ಊರಿನ ನೀರಿನ ಲೆಕ್ಕ ಹಿಡಿದರೆ ಇದನ್ನು ದುಬಾರಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಆದರೂ ಸಣ್ಣ ಘಟಕದವರ ಕಷ್ಟ ನಿಜವಾದದ್ದು. ಪಿವಿಡಿ ಮೆಷಿನ್ ಕೊಳ್ಳುವುದು ಅವರ ಅಳವಿನ ಮಾತಲ್ಲ, ಕೋಟಿಂಗ್ ಸೆಂಟರ್‌ಗೆ ಕಳಿಸಲೇಬೇಕು. ಅಲ್ಲಿ ಹತ್ತಾರು ಗ್ರಾಹಕರ ಜಾಬ್‌ಗಳನ್ನು ಒಂದೇ ಬ್ಯಾಚ್‌ನಲ್ಲಿ ಹಾಕುತ್ತಾರೆ, ಒಂದೇ ಬಿಸಿ, ಒಂದೇ ಸಮಯ. ಟೂಲ್ ಜೊತೆ ಹೋಗುವ ಡೆಲಿವರಿ ಚಲನ್‌ನಲ್ಲಿ ಏನಿರುತ್ತದೆ? "ಪಂಚ್, 12 ನಂಬರ್, ಕೋಟಿಂಗ್‌ಗೆ." ಅಷ್ಟೇ. ಯಾವ ಉಕ್ಕು, ಎಷ್ಟು ಡಿಗ್ರಿಯಲ್ಲಿ ಟೆಂಪರ್ ಆಗಿದೆ, ಎಷ್ಟು ಸಲ, ಯಾವ ಮುಖ ಕೆಲಸ ಮಾಡುವುದು, ಯಾವ ಲೋಹದ ಮೇಲೆ ಓಡುತ್ತದೆ ಯಾವುದೂ ಇರುವುದಿಲ್ಲ. ಕೋಟಿಂಗ್‌ನವರು ಮಾಮೂಲಿ ರೆಸಿಪಿ ಹಾಕುತ್ತಾರೆ. ಟೆಂಪರಿಂಗ್ ಕಡಿಮೆ ಬಿಸಿಯದ್ದು ಅಂತ ಗೊತ್ತಿದ್ದರೆ 200–250 ಡಿಗ್ರಿಯಲ್ಲಿ ಆಗುವ ಕೋಟಿಂಗ್ ಕೊಡಬಹುದಿತ್ತು, ಇಲ್ಲವಾದರೆ ಬೇಡ ಅನ್ನಬಹುದಿತ್ತು. ಹಾರ್ಡನಿಂಗ್ ಶಾಪ್‌ನವರನ್ನು ಕೇಳಿದರೆ ಎಚ್‌ಆರ್‌ಸಿ ಸಂಖ್ಯೆ ಬರೆದುಕೊಡುತ್ತಾರೆ, ಟೆಂಪರಿಂಗ್ ಡಿಗ್ರಿ ಬರೆಯುವವರು ಕಡಿಮೆ. ಕೇಳಿದರೆ ಕೊಡುತ್ತಾರೆ. ಕೇಳಬೇಕು.

ಬಂದ ಮೇಲೆ ಪರೀಕ್ಷಿಸುವುದು ನಾವಂದುಕೊಂಡಷ್ಟು ಕಷ್ಟವೂ ಅಲ್ಲ. ಬಹಳಷ್ಟು ಟೂಲ್‌ರೂಮಿನಲ್ಲಿ ರಾಕ್‌ವೆಲ್ ಮೆಷಿನ್ ಇರುತ್ತದೆ. ಅದರಲ್ಲೇ ಕೋಟಿಂಗ್‌ನ ಹಿಡಿತವನ್ನೂ ನೋಡಬಹುದು. ಸಿ ಸ್ಕೇಲ್‌ನ ವಜ್ರದ ಮೊನೆ, 150 ಕೆ.ಜಿ. ಭಾರ. ಕೋಟಿಂಗ್ ಮೇಲೆಯೇ ಒಂದು ಗುಳಿ ಒತ್ತಿ, 100 ಪಟ್ಟು ದೊಡ್ಡದು ಮಾಡಿ ತೋರಿಸುವ ಮೈಕ್ರೋಸ್ಕೋಪಿನಲ್ಲಿ ಅಂಚು ನೋಡಬೇಕು. ಗುಳಿಯ ಸುತ್ತ ಕೂದಲಿನಂಥ ಬಿರುಕುಗಳು ಹೊರಕ್ಕೆ ಹರಡಿದ್ದರೆ ಚಿಂತೆ ಇಲ್ಲ. ಕೋಟಿಂಗ್ ಚಕ್ಕೆಚಕ್ಕೆಯಾಗಿ ಎದ್ದು ಉಕ್ಕು ಕಾಣುತ್ತಿದ್ದರೆ ಹಿಡಿತ ಇಲ್ಲ. ಜರ್ಮನ್ ಎಂಜಿನಿಯರುಗಳ ಸಂಘದ ಮಾರ್ಗಸೂಚಿ ಇದನ್ನು ಎಚ್‌ಎಫ್1ರಿಂದ ಎಚ್‌ಎಫ್6ರವರೆಗೆ ದರ್ಜೆ ಮಾಡುತ್ತದೆ. ನಾಲ್ಕರವರೆಗೆ ಒಪ್ಪಿಗೆ, ಐದು ಮತ್ತು ಆರು ವಾಪಸ್. ಟೂಲ್ ಮೇಲೆ ಗುಳಿ ಬೀಳುವುದು ಬೇಡ ಅಂದರೆ ಅದೇ ಉಕ್ಕಿನ, ಅದೇ ಹಾರ್ಡನಿಂಗ್ ಬ್ಯಾಚ್‌ನ ಒಂದು ತುಂಡನ್ನು ಟೂಲ್ ಜೊತೆಗೇ ಕೋಟಿಂಗ್‌ಗೆ ಕಳಿಸಿದರಾಯಿತು. ಆ ತುಂಡನ್ನು ಆಮೇಲೆ ಸ್ವಲ್ಪ ಗ್ರೈಂಡ್ ಮಾಡಿ ಗಟ್ಟಿತನವನ್ನೂ ನೋಡಬಹುದು. ಉಕ್ಕು ಮೆತ್ತಗಾಗಿದೆಯೋ, ಕೋಟಿಂಗ್ ಹಿಡಿದಿಲ್ಲವೋ ಅನ್ನುವುದು ಒಂದೇ ತುಂಡಿನಲ್ಲಿ ಗೊತ್ತಾಗುತ್ತದೆ. ಯಾರದ್ದು ತಪ್ಪು ಅನ್ನುವ ಜಗಳ ಅಲ್ಲಿಗೆ ಮುಗಿಯುತ್ತದೆ.

ರಾಜ್ಯದಲ್ಲಿ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಇದೆ. 1972ರಲ್ಲಿ ಡೆನ್ಮಾರ್ಕ್‌ನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ, ಈಗ ಜಿಲ್ಲೆ ಜಿಲ್ಲೆಗಳಲ್ಲಿ ಕೇಂದ್ರಗಳನ್ನು ಇಟ್ಟುಕೊಂಡು ಟೂಲ್ ಆ್ಯಂಡ್ ಡೈ ಡಿಪ್ಲೊಮಾ ಕಲಿಸುತ್ತಿದೆ. ಆ ಕೇಂದ್ರಗಳು ಸುತ್ತಲಿನ ಸಣ್ಣ ಘಟಕಗಳಿಗೆ ಈ ಗುಳಿ ಪರೀಕ್ಷೆಯನ್ನು, ಜೊತೆಗೆ ಉಕ್ಕಿನ ಚೆಂಡು ಉಜ್ಜಿ ದಪ್ಪ ಅಳೆಯುವ ಪರೀಕ್ಷೆಯನ್ನು ಕಡಿಮೆ ಶುಲ್ಕಕ್ಕೆ ಮಾಡಿಕೊಡಬೇಕು. ಕೋಟ್ಯಂತರ ರೂಪಾಯಿಯ ಮೆಷಿನ್ ಬೇಕಿಲ್ಲ ಇದಕ್ಕೆ. ಬೆಳಗಾವಿಯ ಟೂಲ್‌ರೂಮಿನವರು ಗುಳಿಯ ಒಂದು ಫೋಟೊಗಾಗಿ ಬೆಂಗಳೂರಿಗೆ ಪಾರ್ಸೆಲ್ ಕಳಿಸಿ ವಾರ ಕಾಯುವ ಅಗತ್ಯ ಇರಬಾರದು. ವಿದ್ಯಾರ್ಥಿಗಳ ಕೈಯಲ್ಲೇ ಈ ಪರೀಕ್ಷೆ ಮಾಡಿಸಿದರೆ, ನಾಳೆ ಅವರು ಟೂಲ್ ಡಿಸೈನ್ ಮಾಡುವಾಗ ಡ್ರಾಯಿಂಗ್‌ನಲ್ಲಿ ಉಕ್ಕಿನ ಹೆಸರಿನ ಪಕ್ಕದಲ್ಲೇ ಟೆಂಪರಿಂಗ್ ಡಿಗ್ರಿಯನ್ನೂ ಕೋಟಿಂಗ್‌ನ ಹೆಸರನ್ನೂ ಬರೆಯುತ್ತಾರೆ.